ವಿಷುವಿನಿಂದ ಪತ್ತನಾಜೆಯವರೆಗೆ: ಹಿಮಾಲಯದ ದಾರಿಯಲ್ಲಿ ಹಿಮ ಹೇಗಿರುತ್ತದೆ

ಕಾಸರಗೋಡಿನ ಶಾಲೆಗಳಿಗೆ ಏಪ್ರಿಲ್, ಮೇ ಎರಡು ತಿಂಗಳೂ ರಜೆ. ಹಾಗಾಗಿ ನಮ್ಮ ಕಡೆಯಿಂದ ಹಿಮಾಲಯಕ್ಕೆ ಹೊರಡುವವರು, ಮಾಷ್ಟ್ರುಗಳಿರಲಿ ಕಾಲೇಜು ಮಕ್ಕಳಿರಲಿ, ಹೆಚ್ಚಾಗಿ ಏಪ್ರಿಲ್ ನಡುವಿನ ವಿಷು ಕಳೆದ ಮೇಲೆ ಹೋಗಿ, ಮೇ ಕೊನೆಗೆ ಬರುವ ತುಳುನಾಡಿನ ಪತ್ತನಾಜೆಯ ಆಸುಪಾಸಿಗೆ ಮನೆ ಸೇರುತ್ತಾರೆ. ಹೊರಡುವ ಮುಂಚೆ ಎಲ್ಲರದ್ದೂ ಒಂದೇ ಪ್ರಶ್ನೆ: "ಆಗ ಹಿಮ ಇರ್ತದಾ?" ಇರುತ್ತದೆ. 3,500 ಮೀಟರ್ ದಾಟಿದರೆ ಬೇಕಾದಷ್ಟು ಇರುತ್ತದೆ. ಆದರೆ ಕೇಳಬೇಕಾದದ್ದು ಬೇರೆ ಎರಡು ಸಂಗತಿ. ನಿನ್ನೆ ರಾತ್ರಿ ಆ ಹಿಮ ಗಟ್ಟಿಯಾಯಿತೇ? ನಾವು ಅದರ ಮೇಲೆ ಕಾಲಿಡುವುದು ಎಷ್ಟು ಗಂಟೆಗೆ?

ಡಿಸೆಂಬರ್–ಜನವರಿಯ ಹಿಮ ಒಣಗಿದ ಹುಡಿ. ಬೆಳಗ್ಗೆ ಹೇಗಿತ್ತೋ ಸಂಜೆಗೂ ಹೆಚ್ಚುಕಮ್ಮಿ ಹಾಗೆಯೇ ಇರುತ್ತದೆ. ಮಾರ್ಚ್ ಕಳೆಯುತ್ತಿದ್ದಂತೆ ಲೆಕ್ಕ ಬದಲಾಗುತ್ತದೆ. ಹಗಲಿನ ಬಿಸಿಲಿಗೆ ಮೇಲ್ಪದರ ಕರಗಿ ನೀರು ಕಣಗಳ ಸಂದಿಗೆ ಇಳಿಯುತ್ತದೆ, ರಾತ್ರಿ ಅದೇ ನೀರು ಹೆಪ್ಪುಗಟ್ಟಿ ಕಣಗಳನ್ನು ಒಂದಕ್ಕೊಂದು ಬೆಸೆಯುತ್ತದೆ. ದಿನವೂ ಹೀಗೆ ಕರಗಿ ಹೆಪ್ಪುಗಟ್ಟಿ ಕಣಗಳು ದಪ್ಪವಾಗುತ್ತಾ ಹೋಗುತ್ತವೆ. ಬೆಸುಗೆ ಇದ್ದಾಗ ಅದರ ಮೇಲೆ ಹೊರೆ ಹೊತ್ತ ಹೇಸರಗತ್ತೆಯೂ ನಡೆದು ಹೋದೀತು. ಬೆಸುಗೆ ಬಿಟ್ಟಿತೋ, ಅದೇ ಜಾಗದಲ್ಲಿ ಮನುಷ್ಯ ಸೊಂಟದವರೆಗೆ ಹೂತುಹೋಗುತ್ತಾನೆ.

ಗಟ್ಟಿಯಾಗಲು ಗಾಳಿಯ ತಾಪ ಸೊನ್ನೆಗಿಂತ ಕೆಳಗಿಳಿಯಲೇಬೇಕೆಂದಿಲ್ಲ. ಆಕಾಶ ಸ್ವಚ್ಛವಾಗಿದ್ದರೆ ಹಿಮದ ಮೇಲ್ಮೈ ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ಗಾಳಿಗಿಂತಲೂ ಹೆಚ್ಚು ತಣ್ಣಗಾಗುತ್ತದೆ. ಹೊರಗಿನ ತಾಪ ಒಂದೆರಡು ಡಿಗ್ರಿ ಮೇಲಿದ್ದರೂ ಮೇಲ್ಪದರ ಹೆಪ್ಪುಗಟ್ಟುವುದುಂಟು. ಮೋಡ ಕವಿದ ರಾತ್ರಿ ಇದರ ಉಲ್ಟಾ: ಚಳಿ ಇದ್ದಂತೆ ಅನಿಸಿದರೂ ಶಾಖ ಹೊರಹೋಗಲು ದಾರಿಯಿಲ್ಲದೆ ಹಿಮ ಮೆತ್ತಗೇ ಉಳಿಯುತ್ತದೆ. ರಾತ್ರಿ ಎದ್ದು ಡೇರೆಯ ಹೊರಗೆ ಬಂದಾಗ ನಕ್ಷತ್ರಗಳು ಕಂಡವೋ ಇಲ್ಲವೋ ಎಂಬುದು ಮೊಬೈಲಿನ ಹವಾಮಾನ ಆ್ಯಪ್‌ಗಿಂತ ದೊಡ್ಡ ಮಾಹಿತಿ. ಇಡೀ ರಾತ್ರಿ ಮೋಡವಿದ್ದು ಮಳೆಯೂ ಹನಿದಿದ್ದರೆ ಮರುದಿನ ಕಡಿದಾದ ಹಿಮದ ಕಡೆಗೆ ಹೋಗುವ ಮಾತೇ ಬೇಡ. ಹಿಮದ ಮೇಲೆ ಬಿದ್ದ ಮಳೆ ಬೆಸುಗೆಯನ್ನೂ ಬಿಡಿಸುತ್ತದೆ, ಮೇಲಿನಿಂದ ಭಾರವನ್ನೂ ಹೇರುತ್ತದೆ.

ಒಂದು ಒಳ್ಳೆಯ ದಿನದ ಗಡಿಯಾರ ಹೀಗಿರುತ್ತದೆ. ಬೆಳಗಿನ ಜಾವ 3ರಿಂದ 7ರವರೆಗೆ ಹಿಮ ಕಲ್ಲಿನಷ್ಟು ಗಟ್ಟಿ. ಹೂತುಹೋಗುವ ಭಯವಿಲ್ಲ, ಜಾರುವ ಭಯ ಪೂರ್ತಿ ಇದೆ. 7ರಿಂದ 9ರ ನಡುವೆ ಮೇಲಿನ ಒಂದೆರಡು ಸೆಂಟಿಮೀಟರ್ ಸಡಿಲವಾಗಿ ಬೂಟಿನ ಅಂಚು ಕಚ್ಚಿ ನಿಲ್ಲುತ್ತದೆ. ನಡೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಇಲ್ಲ. 10ರ ಮೇಲೆ ಪಾದ ಮುಳುಗುತ್ತದೆ, ಮಧ್ಯಾಹ್ನಕ್ಕೆ ಮೊಣಕಾಲು. ಈ ಸಮಯಗಳು ಇಳಿಜಾರಿನ ಮುಖ ನೋಡಿ ಹಿಂದುಮುಂದಾಗುತ್ತವೆ. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ ಸೂರ್ಯ ಹುಟ್ಟಿದೊಡನೆ ಬಿಸಿಲು ಬೀಳುವುದರಿಂದ ಅಲ್ಲಿ ಎಲ್ಲವೂ ಎರಡು ಗಂಟೆ ಬೇಗ. ಪಶ್ಚಿಮದ ಇಳಿಜಾರು ತಡ. ಉತ್ತರದ್ದು ಇಡೀ ದಿನ ಗಟ್ಟಿಯಾಗಿರಬಹುದು, ಅಲ್ಲಿಯ ಹಿಮವೂ ಕೊನೆಗೇ ಕರಗುವುದು. ಒಂದೇ ಕಣಿವೆಯ ಒಂದು ದಡದಲ್ಲಿ ಹುಲ್ಲು ಹಸಿರಾಗಿ ಎದುರು ದಡದಲ್ಲಿ ಮೂರಡಿ ಹಿಮ ಕೂತಿರುವುದು ಇದಕ್ಕೇ. ದಾರಿ ಯಾವ ಮುಖದಲ್ಲಿ ಹತ್ತುತ್ತದೆ, ಯಾವ ಮುಖದಲ್ಲಿ ಇಳಿಯುತ್ತದೆ ಎಂದು ನಕ್ಷೆಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಪಾಸ್ (ಬೆಟ್ಟಸಾಲನ್ನು ದಾಟುವ ತಗ್ಗು) ದಾಟುವ ದಾರಿಯಾದರೆ ಸಾಮಾನ್ಯವಾಗಿ ಹತ್ತುವುದು ಒಂದು ಮುಖ, ಇಳಿಯುವುದು ಇನ್ನೊಂದು. ಹತ್ತುವಾಗ ಸರಿಯಾಗಿದ್ದ ಹಿಮ ಆಚೆ ಬದಿಯಲ್ಲಿ ಆಗಲೇ ರಾಡಿಯಾಗಿರಬಹುದು.

ಪರೀಕ್ಷೆ ಕಷ್ಟದ್ದಲ್ಲ. ಬೂಟಿನ ತಳದ ಅಚ್ಚು ಮಾತ್ರ ಮೂಡಿದರೆ ಹೋಗಿ. ಪಾದದ ಗಂಟಿನವರೆಗೆ ಇಳಿದರೆ ಕಡಿದಾದ ಭಾಗದಿಂದ ಹೊರಬರುವ ಯೋಚನೆ ಮಾಡಿ. ಮೊಣಕಾಲಿನವರೆಗೆ ಇಳಿದರೆ ನೀವು ತಡ ಮಾಡಿದ್ದೀರಿ. ಟ್ರೆಕ್ಕಿಂಗ್ ಪೋಲನ್ನು ತಿರುಗಿಸಿ ಹಿಡಿಕೆಯ ಕಡೆಯಿಂದ ಒತ್ತಿದರೆ ಒಳಗಿನ ಪದರಗಳೂ ತಿಳಿಯುತ್ತವೆ: ಮೇಲೆ ಎರಡು ಬೆರಳಿನಷ್ಟು ದಪ್ಪದ ಗಟ್ಟಿ ಪದರ, ಕೆಳಗೆ ಪೋಲು ಸಲೀಸಾಗಿ ಇಳಿಯುವ ಒದ್ದೆ ಹಿಮ ಇದ್ದರೆ ಆ ಗಟ್ಟಿತನ ಬಿಸಿಲು ಬಿದ್ದ ಅರ್ಧ ಗಂಟೆಯಲ್ಲಿ ಮುಗಿಯಬಹುದು.

ಇನ್ನು ಯಾವ ದಾರಿ ಯಾವಾಗ. ಕೇದಾರಕಂಠ (3,810 ಮೀಟರ್) ಏಪ್ರಿಲ್ ನಡುವಿಗೆ ಕೆಳಗಿನ ಕಾಡಿನಲ್ಲಿ ಬರಿದಾಗುತ್ತದೆ, ಕೊನೆಯ ಏರಿನಲ್ಲಿ ಮತ್ತು ನೆರಳಿನ ಕಡೆ ಹಿಮ ಉಳಿದಿರುತ್ತದೆ. ಕುವಾರಿ ಪಾಸ್, ದಯಾರಾ ಬುಗ್ಯಾಲ್ ಕಡೆಯೂ ಹೆಚ್ಚುಕಮ್ಮಿ ಹೀಗೆ. ಮೇ ತಿಂಗಳಲ್ಲಿ ಹಿಮ ಬೇಕೆಂದು ಅಲ್ಲಿಗೆ ಹೋದವರು ಹುಲ್ಲುಗಾವಲು ನೋಡಿಕೊಂಡು ಬರುತ್ತಾರೆ, ಅದೂ ಚೆಂದವೇ. ಮೇ ತಿಂಗಳ ನಿಜವಾದ ಹಿಮದ ದಾರಿಗಳೆಂದರೆ ಕಸೋಲ್ ಕಡೆಯ ಸಾರ್ ಪಾಸ್ (ಸುಮಾರು 4,200 ಮೀಟರ್), ಮನಾಲಿ ಮೇಲಿನ ಭೃಗು ಸರೋವರ (ಸುಮಾರು 4,235), ಮೇ ಕೊನೆಗೆ ರೂಪಿನ್ ಪಾಸ್ (ಸುಮಾರು 4,650) ಮತ್ತು ಬುರಾನ್ ಘಾಟಿ (ಸುಮಾರು 4,570). ಭೃಗು ಸರೋವರ ಮೇ ತಿಂಗಳಲ್ಲಿ ಹೆಚ್ಚಾಗಿ ಹೆಪ್ಪುಗಟ್ಟಿ ಹಿಮದಡಿ ಇರುವುದರಿಂದ ಸರೋವರ ಎಲ್ಲಿ ಮುಗಿಯಿತು, ದಡ ಎಲ್ಲಿ ಶುರುವಾಯಿತು ಎಂದೇ ತಿಳಿಯುವುದಿಲ್ಲ. ಸಪಾಟಾಗಿ ಕಂಡಿತೆಂದು ಅದರ ನಡುವೆ ನಡೆಯಬೇಡಿ. ಹಂಪ್ಟಾ ಪಾಸ್‌ಗೆ ಜೂನ್ ನಡುವಿನ ತನಕ ಕಾಯುವುದು ವಾಸಿ. ರೂಪಿನ್, ಬುರಾನ್ ಎರಡೂ ಮೊದಲ ಹಿಮಚಾರಣಕ್ಕೆ ಹೇಳಿದ ದಾರಿಗಳಲ್ಲ. ರೂಪಿನ್‌ನ ಕೊನೆಯ ಹಿಮದ ಓಣಿ ಕಡಿದಾಗಿದೆ, ಬುರಾನ್‌ನ ಆಚೆ ಬದಿಗೆ ಮೇ–ಜೂನ್‌ನಲ್ಲಿ ಹಗ್ಗ ಕಟ್ಟಿ ಇಳಿಸುತ್ತಾರೆ. ಮೊದಲ ಸಲ ಹೋಗುವವರಿಗೆ ಸಾರ್ ಪಾಸ್ ಅಥವಾ ಭೃಗು ಸಾಕು.

ತಿಂಗಳು ನೋಡಿ ಹಿಮ ಊಹಿಸುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಮೆಡಿಟರೇನಿಯನ್ ಕಡೆಯಿಂದ ಬರುವ ವೆಸ್ಟರ್ನ್ ಡಿಸ್ಟರ್ಬೆನ್ಸ್ ಮಾರುತಗಳು ಏಪ್ರಿಲ್‌ನಲ್ಲೂ, ಕೆಲವೊಮ್ಮೆ ಮೇ ತಿಂಗಳಲ್ಲೂ ಹೊಸ ಹಿಮ ಸುರಿಸುತ್ತವೆ. ನಮ್ಮಲ್ಲಿ ಸೆಕೆಗೆ ಮೈಯೆಲ್ಲಾ ಬೆವರುವ ಹೊತ್ತಿಗೆ ಅಲ್ಲಿ ಒಂದೇ ರಾತ್ರಿಯಲ್ಲಿ ಒಂದಡಿ ಬೀಳಬಹುದು. ಹಳೆಯ ನುಣ್ಣನೆ ಗಟ್ಟಿ ಪದರದ ಮೇಲೆ ಕೂತ ಈ ಹೊಸ ಹಿಮಕ್ಕೆ ಹಿಡಿತ ಕಡಿಮೆ, ಮೋಡ ಸರಿದು ಬಿಸಿಲು ಬಂದ ಮೊದಲ ದಿನವೇ ಹೆಚ್ಚು ಜಾರುತ್ತದೆ. ಪೋಟೋಕ್ಕೆ ಅತ್ಯಂತ ಚೆಂದದ ದಿನವೂ ಅದೇ, ದುರದೃಷ್ಟ. ಹಿಮಪಾತ ನಿಂತ ಮೇಲೆ ಕನಿಷ್ಠ ಒಂದು ದಿನ, ಸಾಧ್ಯವಾದರೆ ಎರಡು ದಿನ ಬಿಟ್ಟು ಕಡಿದಾದ ಭಾಗಕ್ಕೆ ಹೋಗಿ. ಭಾರತೀಯ ಹವಾಮಾನ ಇಲಾಖೆಯ ಶಿಮ್ಲಾ ಮತ್ತು ಡೆಹ್ರಾಡೂನ್ ಕೇಂದ್ರಗಳು ಜಿಲ್ಲಾವಾರು ಮುನ್ಸೂಚನೆ ಕೊಡುತ್ತವೆ, ಹಿಮಕುಸಿತದ ಎಚ್ಚರಿಕೆಯನ್ನು ಚಂಡೀಗಢದಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಡಿಜಿಆರ್‌ಇ ಸಂಸ್ಥೆ ಹೊರಡಿಸುತ್ತದೆ. ಬಸ್ಸು ಹತ್ತುವ ಮುಂಚೆ ಎರಡನ್ನೂ ನೋಡಿ.

ಹಿಮಕುಸಿತ ಹೆಚ್ಚಾಗಿ ಆಗುವುದು 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ. ಕಣ್ಣಂದಾಜು ನಂಬಬೇಡಿ: ಪೋಲನ್ನು ಹಿಮದ ಮೇಲೆ ಮಲಗಿಸಿ, ಮೊಬೈಲನ್ನು ಅದರ ಉದ್ದಕ್ಕೆ ಇಟ್ಟು ಕೋನ ಅಳೆಯುವ ಆ್ಯಪ್ ನೋಡಿದರೆ ಸಾಕು. ನೀವು ನಿಂತ ಜಾಗ 15 ಡಿಗ್ರಿ ಇದ್ದರೂ ತಲೆಯ ಮೇಲಿನ ಗೋಡೆ 38 ಇರಬಹುದು, ಕುಸಿದು ಬರುವುದು ಅಲ್ಲಿಂದ. ವಸಂತದ ಒದ್ದೆ ಹಿಮ ಕುಸಿಯುವ ಮುಂಚೆ ಹೆಚ್ಚಾಗಿ ಸೂಚನೆ ಕೊಡುತ್ತದೆ. ಬಂಡೆಗಳ ಬುಡದಿಂದ ಸಣ್ಣ ಹಿಮದ ಉಂಡೆಗಳು ತಾವಾಗಿಯೇ ಉರುಳಲು ಶುರುವಾಗುತ್ತವೆ, ಉರುಳುತ್ತಾ ಚಕ್ರದಂತೆ ದೊಡ್ಡದಾಗುತ್ತವೆ. ಒಂದೆರಡು ಕಂಡರೆ ಗಮನಿಸಿ. ಹತ್ತಾರು ಕಂಡರೆ ಆ ಇಳಿಜಾರಿನ ಕೆಳಗಿನಿಂದ ಸರಿಯಿರಿ, ಊಟ ಆಮೇಲೆ ಮಾಡಬಹುದು. ಓಣಿಯ ಬಾಯಲ್ಲಿ ಬೀಸಣಿಗೆಯಾಕಾರದಲ್ಲಿ ಹರಡಿ ಬಿದ್ದ ಮಣ್ಣುಮಿಶ್ರಿತ ಕೊಳಕು ಹಿಮದ ರಾಶಿ ಹಿಂದಿನ ಕುಸಿತದ್ದು. ಕೂರಲು ಸಮತಟ್ಟಾಗಿ ಕಾಣುವ ಆ ಜಾಗದಲ್ಲಿ ಕೂರಬಾರದು.

ಮೇ ತಿಂಗಳಲ್ಲಿ ಚಾರಣಿಗರಿಗೆ ಹಿಮಕುಸಿತಕ್ಕಿಂತಲೂ ದಿನನಿತ್ಯ ಎದುರಾಗುವ ಅಪಾಯ ತೊರೆಗಳ ಮೇಲಿನ ಹಿಮದ ಸಂಕ (ಸೇತುವೆ). ಬಾಯಾರು, ಎಣ್ಮಕಜೆ ಕಡೆಯವರಿಗೆ ಇದನ್ನು ವಿವರಿಸುವುದು ಸುಲಭ: ಮೇಲೆ ಗುಡ್ಡೆ, ಒಳಗೆ ನೀರು ಹರಿಯುವ ಸುರಂಗ ಇದ್ದಂತೆ, ಆದರೆ ಇಲ್ಲಿ ಮಾಡು ಮುರಕಲ್ಲಿನದ್ದಲ್ಲ, ದಿನವೂ ಕೆಳಗಿನಿಂದ ಕರಗುತ್ತಿರುವ ಹಿಮದ್ದು. ಮೇಲಿನಿಂದ ನೋಡಿದರೆ ನಿನ್ನೆಯ ಹಾಗೆಯೇ ಕಾಣುತ್ತದೆ. ಹರಿಯುವ ನೀರು ಮತ್ತು ಅದರ ಜೊತೆ ಸುಳಿಯುವ ಗಾಳಿ ಒಳಮಾಡನ್ನು ತಿನ್ನುತ್ತಾ ಬರುತ್ತವೆ, ಒಂದು ದಿನ ಹಿಮ ಅರ್ಧ ಅಡಿಯಷ್ಟೇ ಉಳಿದಿರುತ್ತದೆ. ಗುರುತುಗಳಿವೆ. ಸುತ್ತಲಿನದಕ್ಕಿಂತ ಸ್ವಲ್ಪ ತಗ್ಗಿದ ಗೆರೆ, ಬಿಳಿ ಹೋಗಿ ಬೂದು ಅಥವಾ ನೀಲಿ ಬಣ್ಣ, ಮೇಲೆ ಅಥವಾ ಕೆಳಗೆ ಎಲ್ಲಾದರೂ ಬಾಯ್ತೆರೆದ ತೂತು, ಕಿವಿಗೊಟ್ಟರೆ ನೀರಿನ ಸದ್ದು. ತೂತಿನ ಅಂಚಿಗೆ ಹೋಗದೆ ಬದಿಯಿಂದ ನೋಡಿ ಮಾಡಿನ ದಪ್ಪ ಅಂದಾಜು ಮಾಡಬಹುದು. ಪೋಲಿನಿಂದ ಪ್ರತಿ ಹೆಜ್ಜೆಗೂ ಜೋರಾಗಿ ಚುಚ್ಚಿ. ಹಿಡಿಕೆಯವರೆಗೂ ತಡೆಯಿಲ್ಲದೆ ಇಳಿಯಿತೆಂದರೆ ವಾಪಸ್ಸು. ಸಂಕವನ್ನು ಬೆಳಗ್ಗೆ ಬೇಗ ದಾಟಬೇಕು, ಒಬ್ಬೊಬ್ಬರೇ ದಾಟಬೇಕು, ಬ್ಯಾಗಿನ ಸೊಂಟದ ಪಟ್ಟಿ ಬಿಚ್ಚಿರಬೇಕು, ನಡುವೆ ನಿಂತು ಪಟ ತೆಗೆಯಬಾರದು. ಬೆಳಗ್ಗೆ ದಾಟಿದ ಸಂಕದ ಮೇಲೆಯೇ ಮಧ್ಯಾಹ್ನ ವಾಪಸು ಬರುವ ಯೋಜನೆ ಇದ್ದರೆ ಆ ಯೋಜನೆಯನ್ನೇ ಬದಲಿಸಿ.

ಬಂಡೆಗಳ ಸುತ್ತ ಇದರದ್ದೇ ಸಣ್ಣ ರೂಪ ಇದೆ. ಕಪ್ಪು ಬಂಡೆ ಬಿಸಿಲಿಗೆ ಬೇಗ ಕಾಯುತ್ತದೆ, ತನ್ನ ಸುತ್ತಲಿನ ಹಿಮವನ್ನು ಒಳಗಿನಿಂದ ಕರಗಿಸಿ ಪೊಳ್ಳು ಮಾಡುತ್ತದೆ. ದಣಿದವರು ಹಿಮ ಬಿಟ್ಟು ಬಂಡೆಯ ಮೇಲೆ ಕೂರಲು ಹೋಗಿ ತೊಡೆಯವರೆಗೆ ಇಳಿಯುವುದು ಅಲ್ಲೇ. ಹಿಮದಡಿ ಹೂತ ಬುರಾಂಶ್ (ರೊಡೊಡೆಂಡ್ರನ್) ಪೊದೆಗಳ ಮೇಲೂ ಹಾಗೆ. ಕಾಲು ಸಿಕ್ಕಿಕೊಂಡಾಗ ಎಳೆದು ತಿರುಚಿದರೆ ಮೊಣಕಾಲಿನ ಸ್ನಾಯುವಿಗೆ ಪೆಟ್ಟು. ಕೂತುಕೊಂಡು ಸುತ್ತಲಿನ ಹಿಮ ಕೆದಕಿ, ಆಮೇಲೆ ಕಾಲು ತೆಗೆಯಿರಿ.

ನಡೆಯುವ ಕ್ರಮ. ಹತ್ತುವಾಗ ಬೂಟಿನ ಮುಂಗಾಲನ್ನು ಹಿಮಕ್ಕೆ ಒದ್ದು ಮೆಟ್ಟಿಲು ಮಾಡಿ, ತಳ ಒಳಕ್ಕೆ ಸ್ವಲ್ಪ ಬಾಗಿರಲಿ. ಹಿಂದಿನವರು ಹೊಸ ಮೆಟ್ಟಿಲು ಮಾಡದೆ ಅದನ್ನೇ ಬಳಸಿದರೆ ಅದು ಗಟ್ಟಿಯಾಗುತ್ತಾ ಹೋಗುತ್ತದೆ. ಇಳಿಯುವಾಗ ಹಿಂದಕ್ಕೆ ವಾಲಬಾರದು. ಭಯಕ್ಕೆ ಎಲ್ಲರೂ ವಾಲುತ್ತಾರೆ, ವಾಲಿದೊಡನೆ ಹಿಮ್ಮಡಿ ಜಾರುತ್ತದೆ. ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಮೊಣಕಾಲು ತುಸು ಮಡಿಸಿ, ಹಿಮ್ಮಡಿಯನ್ನು ಮೈಭಾರ ಹಾಕಿ ಊರಿ. ಅಡ್ಡಕ್ಕೆ ದಾಟುವ ಜಾಗದಲ್ಲಿ ಕಾಲಿಡುವ ಮುಂಚೆ ಕೆಳಗೆ ನೋಡಿ: ಜಾರಿದರೆ ಎಲ್ಲಿ ಹೋಗಿ ನಿಲ್ಲುತ್ತೇನೆ? ಕೆಳಗೆ ಸಮತಟ್ಟಾದ ಹಿಮ ಇದ್ದರೆ ಜಾರಿದರೂ ನಗಬಹುದು. ಬಂಡೆ, ಪ್ರಪಾತ, ತೊರೆ ಇದ್ದರೆ ಅದೇ 25 ಡಿಗ್ರಿ ಇಳಿಜಾರಿಗೆ ಬೇರೆ ಸಲಕರಣೆ, ಬೇರೆ ಹೊತ್ತು ಬೇಕು.

ಮೈಕ್ರೋಸ್ಪೈಕ್ ಎಂದರೆ ರಬ್ಬರ್ ಪಟ್ಟಿಗೆ ಸರಪಳಿ ಮತ್ತು ಸಣ್ಣ ಮುಳ್ಳು ಇರುವಂಥದ್ದು. ಇಳಿಜಾರು ಸಾಧಾರಣವಾಗಿ, ದಾರಿ ತುಳಿದು ಗಟ್ಟಿಯಾಗಿದ್ದಾಗ ಅದು ಸಾಕು. 30 ಡಿಗ್ರಿ ಮೀರಿದ ಗಟ್ಟಿ ಹಿಮಕ್ಕೆ 10 ಅಥವಾ 12 ಮುಳ್ಳಿನ ಕ್ರಾಂಪಾನ್ (ಬೂಟಿನಡಿಗೆ ಕಟ್ಟುವ ಲೋಹದ ಮುಳ್ಳಿನ ತಳ), ಕೈಯಲ್ಲಿ ಹಿಮಗೊಡಲಿ ಅಂದರೆ ಐಸ್ ಆ್ಯಕ್ಸ್, ಅವೆರಡನ್ನೂ ಬಳಸಲು ಕಲಿಸಿದವರು ಬೇಕು. ಸಾಂಕ್ರಿ, ಮನಾಲಿಯಲ್ಲಿ ಮೈಕ್ರೋಸ್ಪೈಕ್ ಬಾಡಿಗೆಗೆ ಸಿಗುತ್ತದೆ. ತೆಗೆದುಕೊಳ್ಳುವಾಗ ನಿಮ್ಮದೇ ಬೂಟಿಗೆ ಹಾಕಿ ನೋಡಿ, ರಬ್ಬರನ್ನು ಎಳೆದು ಹಿಮ್ಮಡಿಯ ಹತ್ತಿರ ಸೀಳು ಇದೆಯೇ ಎಂದು ಬೆಳಕಿಗೆ ಹಿಡಿದು ಪರೀಕ್ಷಿಸಿ. ಹಳೆಯ ರಬ್ಬರ್ ಚಳಿಗೆ ಪೆಡಸಾಗಿ ಅಲ್ಲೇ ಹರಿಯುವುದು. ಸಡಿಲ ಇದ್ದರೆ ಅಡ್ಡ ಇಳಿಜಾರಿನಲ್ಲಿ ಮುಳ್ಳುಗಳು ಬೂಟಿನ ಬದಿಗೆ ತಿರುಗಿಕೊಳ್ಳುತ್ತವೆ. ಬ್ಯಾಗಿನಲ್ಲಿ ನಾಲ್ಕು ದಪ್ಪ ಕೇಬಲ್ ಟೈ ಇಟ್ಟುಕೊಂಡರೆ ಹರಿದದ್ದನ್ನು ಒಂದು ದಿನದ ಮಟ್ಟಿಗೆ ಕಟ್ಟಿ ಸುಧಾರಿಸಬಹುದು. ಬಿಸಿಲು ಏರಿದ ಮೇಲೆ ಒದ್ದೆ ಹಿಮ ಮುಳ್ಳುಗಳ ನಡುವೆ ಗಡ್ಡೆಕಟ್ಟಿ, ಮುಳ್ಳು ನೆಲಕ್ಕೆ ತಾಗುವುದೇ ಇಲ್ಲ. ನಾಲ್ಕು ಹೆಜ್ಜೆಗೊಮ್ಮೆ ಪೋಲಿನಿಂದ ಬೂಟಿನ ಬದಿಗೆ ತಟ್ಟಿ ಉದುರಿಸಬೇಕು, ಅದೂ ಸಾಲದೆ ಬಂದರೆ ಮೈಕ್ರೋಸ್ಪೈಕನ್ನೇ ತೆಗೆದು ಹಿಮ್ಮಡಿ ಊರಿ ಇಳಿಯುವುದು ಮೇಲು.

ಐಸ್ ಆ್ಯಕ್ಸ್ ಯಾವಾಗಲೂ ಗುಡ್ಡದ ಕಡೆಯ ಕೈಯಲ್ಲಿ. ಜಾರಿದೊಡನೆ ಹೊಟ್ಟೆಯಡಿ ತಿರುಗಿ, ಆ್ಯಕ್ಸಿನ ತಲೆ ಭುಜದ ಹತ್ತಿರ, ಕೋಲು ಎದೆಗೆ ಅಡ್ಡವಾಗಿ, ಇನ್ನೊಂದು ಕೈ ಕೋಲಿನ ತುದಿಯಲ್ಲಿ; ಎದೆಯ ಭಾರವನ್ನೆಲ್ಲಾ ಮೊನೆಯ ಮೇಲೆ ಹಾಕಿ. ಕ್ರಾಂಪಾನ್ ಹಾಕಿದ್ದರೆ ಮೊಣಕಾಲು ಮಡಿಸಿ ಪಾದ ಮೇಲೆತ್ತಬೇಕು, ಇಲ್ಲವಾದರೆ ಮುಳ್ಳು ಹಿಮಕ್ಕೆ ಕಚ್ಚಿ ನೀವು ಮಗುಚಿ ಬೀಳುತ್ತೀರಿ. ಮೊದಲ ಒಂದೆರಡು ಸೆಕೆಂಡಿನಲ್ಲಿ ಆಗದಿದ್ದರೆ ಗಟ್ಟಿ ಹಿಮದಲ್ಲಿ ಮತ್ತೆ ಆಗುವುದು ಕಷ್ಟ, ವೇಗ ಹಾಗೆ ಏರುತ್ತದೆ. ಓದಿ ಬರುವ ವಿದ್ಯೆಯಲ್ಲ ಇದು; ಕೆಳಗೆ ಸಮತಟ್ಟು ಇರುವ ಮೆತ್ತನೆಯ ಇಳಿಜಾರಿನಲ್ಲಿ ಗೈಡ್ ಹತ್ತಿರ ಅರ್ಧ ದಿನ ಅಭ್ಯಾಸ ಮಾಡಿಸಿಕೊಳ್ಳಿ. ಸಾರ್ ಪಾಸಿನ ಆಚೆ ಕೂತು ಜಾರುವ ಆಟ ಪ್ರಸಿದ್ಧ. ಮುಳ್ಳು ಏನೇ ಹಾಕಿದ್ದರೂ ಬಿಚ್ಚಿ, ಪೋಲು ಮಡಿಸಿ ಬ್ಯಾಗಿಗೆ ಸೇರಿಸಿ, ಮುಂದಿನವನು ಕೆಳಗೆ ಬದಿಗೆ ಸರಿದ ಮೇಲೆಯೇ ಜಾರಿ. ಕಾಲ್ಮುರಿತ ಆಗುವುದು ಹೆಚ್ಚಾಗಿ ಮೇಲಿನವನು ಕೆಳಗಿನವನಿಗೆ ಗುದ್ದಿ, ಇಲ್ಲವೇ ಕಾಲಿನಲ್ಲಿದ್ದ ಮುಳ್ಳು ಹಿಮಕ್ಕೆ ಸಿಕ್ಕಿ.

ಬಟ್ಟೆಯ ವಿಷಯಕ್ಕೆ ನಮ್ಮ ಕರಾವಳಿಯ ಅಭ್ಯಾಸಗಳು ಅಡ್ಡ ಬರುತ್ತವೆ. ಕುತ್ತಿಗೆಗೆ ಸುತ್ತಿದ ಬೈರಾಸು, ಹತ್ತಿಯ ಬನಿಯನು ಬೆವರಿಗೆ ಒದ್ದೆಯಾದರೆ ಅಲ್ಲಿ ಒಣಗುವುದಿಲ್ಲ, ಗಾಳಿ ಬೀಸಿದೊಡನೆ ಮೈಶಾಖವನ್ನು ಎಳೆದುಕೊಳ್ಳುತ್ತದೆ. ಮಳೆಗಾಲದ ಪ್ಲಾಸ್ಟಿಕ್ ಮಳೆಕೋಟಿನ ಒಳಗೂ ಬೆವರೇ ನೀರಾಗುತ್ತದೆ. ಪಾಲಿಯೆಸ್ಟರ್ ಅಥವಾ ಉಣ್ಣೆಯ ಒಳ ಅಂಗಿ, ನಡುವೆ ಫ್ಲೀಸ್, ಹೊರಗೆ ಗಾಳಿ ಮತ್ತು ನೀರು ತಡೆಯುವ ಜಾಕೆಟ್, ನಿಂತಾಗ ಹಾಕಲು ಬೇರೆ ಒಂದು ದಪ್ಪ ಜಾಕೆಟ್. 2024ರ ಜೂನ್ ಮೊದಲ ವಾರ ಉತ್ತರಕಾಶಿಯ ಸಹಸ್ರತಾಲ್ ದಾರಿಯಲ್ಲಿ, ಹೆಚ್ಚಿನವರು ಕರ್ನಾಟಕದವರೇ ಇದ್ದ 22 ಮಂದಿಯ ತಂಡ ಕೆಟ್ಟ ಹವೆಗೆ ಸಿಕ್ಕಿ 9 ಮಂದಿ ತೀರಿಕೊಂಡರು. ತಿಂಗಳು ಜೂನ್ ಎಂಬುದನ್ನು ಗಮನಿಸಿ.

ಜಿಗಣೆ ಕಾಲುಚೀಲ ಗೇಟರ್‌ನ ಕೆಲಸ ಮಾಡುವುದಿಲ್ಲ. ಗೇಟರ್ ಬೂಟಿನ ಬಾಯಿಯನ್ನೂ ಮೀನಖಂಡವನ್ನೂ ಮುಚ್ಚಿ ಹಿಮ ಒಳಗಿಳಿಯದಂತೆ ತಡೆಯಬೇಕು, ಪಟ್ಟಿ ತಳದಡಿ ಬಿಗಿಯಾಗಿರಬೇಕು. ಬೂಟು ಒಳಗೆ ಒದ್ದೆಯಾಗಿಬಿಟ್ಟರೆ ಒಣ ಸಾಕ್ಸ್ ಹಾಕಿ, ಅದರ ಮೇಲೆ ಪ್ಲಾಸ್ಟಿಕ್ ತೊಟ್ಟೆ, ಆಮೇಲೆ ಬೂಟು. ಚೆಂದ ಕಾಣದು, ಬೆರಳು ಉಳಿಯುತ್ತದೆ. ರಾತ್ರಿ ಮಲಗುವಾಗ ಬೂಟನ್ನು ಡೇರೆಯ ಒಳಗಿಡಿ. ಹೊರಗಿಟ್ಟ ಒದ್ದೆ ಬೂಟು ಬೆಳಗಿನ ಜಾವ 2 ಗಂಟೆಗೆ ಕಟ್ಟಿಗೆಯಾಗಿರುತ್ತದೆ, ಕಾಲು ಒಳಗೆ ಹೋಗುವುದೇ ಇಲ್ಲ.

ಮುಖಕ್ಕೆ ತೆಂಗಿನೆಣ್ಣೆ ಸಾಕು ಎನ್ನುವವರು ನಮ್ಮಲ್ಲಿ ಬಹಳ. ಅದು ಸುಮಾರು 24 ಡಿಗ್ರಿಗೇ ಗಟ್ಟಿಯಾಗುತ್ತದೆ ಎನ್ನುವುದು ಸಣ್ಣ ತೊಂದರೆ. ಬಿಸಿಲಿನಿಂದ ಹೇಳಿಕೊಳ್ಳುವಂಥ ರಕ್ಷಣೆ ಕೊಡುವುದಿಲ್ಲ ಎನ್ನುವುದು ದೊಡ್ಡದು. ಪ್ರತಿ 1,000 ಮೀಟರಿಗೆ ನೇರಳಾತೀತ ಕಿರಣ ಸುಮಾರು 10 ಶೇಕಡಾ ಹೆಚ್ಚುತ್ತದೆ, ಹೊಸ ಹಿಮ ಅದರ 80 ಶೇಕಡಾದಷ್ಟನ್ನು ಮೇಲಕ್ಕೆ ತಿರುಗಿಸುತ್ತದೆ. ಎಸ್‌ಪಿಎಫ್ 50ರ ಸನ್‌ಸ್ಕ್ರೀನನ್ನು ಮೂಗಿನ ಹೊಳ್ಳೆಯ ಕೆಳಗೆ, ಗಲ್ಲದ ಅಡಿಗೆ, ಕಿವಿಯ ಹಿಂದೆಯೂ ಹಚ್ಚಿ, ಎರಡು ಗಂಟೆಗೊಮ್ಮೆ ಮತ್ತೆ ಹಚ್ಚಿ. ತಂಪು ಕನ್ನಡಕ ಕೆಟಗರಿ 3 ಅಥವಾ 4ರದ್ದು (ಗಾಢ ಗಾಜಿನದ್ದು), ಬದಿ ಮುಚ್ಚಿರುವುದು. ಮೋಡ ಇದೆಯೆಂದು ತೆಗೆಯಬೇಡಿ. ಹಿಮದ ಬೆಳಕಿಗೆ ಕಣ್ಣು ಸುಟ್ಟರೆ ಆ ಹೊತ್ತಿಗೆ ಏನೂ ತಿಳಿಯುವುದಿಲ್ಲ, 6ರಿಂದ 12 ಗಂಟೆ ಕಳೆದ ಮೇಲೆ ಕಣ್ಣಿಗೆ ಮರಳು ಹಾಕಿದಂತೆ ಉರಿ. ಕನ್ನಡಕ ಕಳೆದುಹೋದರೆ ರಟ್ಟಿನ ತುಂಡಿಗೆ ಸಣ್ಣ ಅಡ್ಡ ಸೀಳು ಮಾಡಿ ಕಟ್ಟಿಕೊಂಡು ಇಳಿಯಿರಿ.

ಎತ್ತರದ ಬಗ್ಗೆ ಚಿಕ್ಕದಾಗಿ. ಕುಮಾರಪರ್ವತ (1,712 ಮೀಟರ್) ಒಂದೇ ದಿನದಲ್ಲಿ ಹತ್ತಿ ಇಳಿದವರ ಕಾಲು ಹಿಮಾಲಯಕ್ಕೆ ಸಾಕು, ಆದರೆ ಎತ್ತರ ಒಗ್ಗುವುದಕ್ಕೂ ಕಾಲಿಗೂ ಸಂಬಂಧವಿಲ್ಲ. ಕಾಸರಗೋಡಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿ ಎರಡು ರಾತ್ರಿ ಕಳೆದು ನಿಜಾಮುದ್ದೀನ್, ಅಲ್ಲಿಂದ ರಾತ್ರಿ ಬಸ್ಸಿನಲ್ಲಿ ಮನಾಲಿ (2,050 ಮೀಟರ್): ನಿದ್ದೆಗೆಟ್ಟ ದೇಹ ಸಮುದ್ರಮಟ್ಟದಿಂದ ನೇರ ಅಲ್ಲಿ ಇಳಿಯುತ್ತದೆ. ಅಲ್ಲೊಂದು ಪೂರ್ತಿ ದಿನ ಉಳಿಯಿರಿ. 3,000 ಮೀಟರ್ ಮೇಲೆ ಮಲಗುವ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು. ಎತ್ತರ ಒಗ್ಗಲು ತೆಗೆದುಕೊಳ್ಳುವ ಡಯಾಮಾಕ್ಸ್ ಮಾತ್ರೆ ಬೇಕೇ, ಎಷ್ಟು ಎಂದು ಊರಿನ ಡಾಕ್ಟರನ್ನೇ ಕೇಳಿ. ಸಲ್ಫಾ ಔಷಧಿಗೆ ಅಲರ್ಜಿ ಇದ್ದರೆ ಅದನ್ನು ಮೊದಲು ಹೇಳಿ. ತಲೆನೋವಿನ ಜೊತೆ ವಾಂತಿ, ನಡೆಯುವಾಗ ತೂರಾಟ, ಸುಮ್ಮನೆ ಕೂತಾಗಲೂ ಏದುಸಿರು ಬಂದರೆ ಬೆಳಗಾಗಲು ಕಾಯದೆ ಇಳಿಸಬೇಕು.

ತಂಡ ಕರೆದೊಯ್ಯುವವರಿಗೆ ಫೋನ್ ಮಾಡಿದಾಗ ಕೇಳಬೇಕಾದದ್ದು: ಕೊನೆಯ ದಿನ ಎಷ್ಟು ಗಂಟೆಗೆ ಹೊರಡುತ್ತೀರಿ, ಎಷ್ಟು ಗಂಟೆಗೆ ಎಲ್ಲಿದ್ದರೂ ತಿರುಗುತ್ತೀರಿ, ಒಬ್ಬ ಗೈಡ್‌ಗೆ ಎಷ್ಟು ಜನ, ಹವೆ ಕೆಟ್ಟರೆ ಕಾಯಲು ಹೆಚ್ಚುವರಿ ದಿನ ಇದೆಯೇ, ಹಗ್ಗ ಯಾರ ಬ್ಯಾಗಿನಲ್ಲಿ ಇರುತ್ತದೆ. "ಹಿಮ ಸೂಪರ್ ಇದೆ, ಬನ್ನಿ" ಎಂಬುದು ಇದಕ್ಕೆ ಉತ್ತರವಲ್ಲ. ತಿರುಗುವ ಗಂಟೆ ಹೇಳಲಾಗದವರ ಜೊತೆ ಹೋಗಬೇಡಿ. ರೈಲಿನ ವಾಪಸು ಟಿಕೆಟನ್ನೂ ಚಾರಣ ಮುಗಿಯುವ ಮರುದಿನಕ್ಕೆ ಮಾಡಿಸಬೇಡಿ, ಎರಡು ದಿನ ಬಿಡಿ. ಟಿಕೆಟ್ ತಪ್ಪುತ್ತದೆಂದು ರಾಡಿ ಹಿಮದಲ್ಲಿ ಮಧ್ಯಾಹ್ನ ಪಾಸ್ ದಾಟಿದ ತಂಡಗಳು ಕಡಿಮೆಯಿಲ್ಲ.

ಮೊಬೈಲನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಡಿ, ಚಳಿಗೆ ಬ್ಯಾಟರಿ 40 ಶೇಕಡಾ ತೋರಿಸುತ್ತಿದ್ದಾಗಲೇ ಆರಿಹೋಗುತ್ತದೆ. ತುರ್ತಿಗೆ 112, ಆದರೆ ಈ ದಾರಿಗಳ ಹೆಚ್ಚಿನ ಭಾಗದಲ್ಲಿ ಸಿಗ್ನಲ್ ಇರುವುದಿಲ್ಲ. ಗಲ್ಫಿನಲ್ಲಿರುವ ಭಾವನೋ ಅಣ್ಣನೋ ಕೊಟ್ಟ ಸ್ಯಾಟಲೈಟ್ ಫೋನ್ ಇದೆಯೆಂದು ಅದನ್ನು ಬ್ಯಾಗಿಗೆ ಹಾಕಬೇಡಿ. ಅನುಮತಿಯಿಲ್ಲದೆ ಅದನ್ನು ಇಟ್ಟುಕೊಳ್ಳುವುದು ಭಾರತದಲ್ಲಿ ಕಾನೂನುಬಾಹಿರ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ. ಅದರ ಬದಲು ಎಲ್ಲಿ ಯಾವ ರಾತ್ರಿ ತಂಗುತ್ತೀರಿ, ಗೈಡ್‌ನ ನಂಬರ್ ಏನು, ಯಾವ ದಿನ ಎಷ್ಟು ಹೊತ್ತಿನ ಒಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು ಎಂದು ಒಂದು ಚೀಟಿಯಲ್ಲಿ ಬರೆದು ಮನೆಯಲ್ಲಿ ಕೊಟ್ಟು ಹೋಗಿ.